ಕೋಸಿನ ಎಲೆಗೆ ತೂತು ಬಿದ್ದಾಗ: ಹಿಕ್ಕೆ ನೋಡಿ ಹುಳು ಪತ್ತೆ ಹಚ್ಚುವ ಕೈಪಿಡಿ

ಎಲೆಕೋಸಿನ ಎಲೆಯಲ್ಲಿ ತೂತು ಕಂಡ ತಕ್ಷಣ ಔಷಧಿಯ ಬಾಟಲಿಗೆ ಕೈ ಹಾಕಬೇಡಿ. ತೂತು ಹಳೆಯ ಸುದ್ದಿ. ಎಲೆ ಎಳೆಯದಾಗಿದ್ದಾಗ ಸೂಜಿಮೊನೆಯಷ್ಟು ಕಚ್ಚಿದ್ದು, ಎಲೆ ಅಗಲವಾದಂತೆ ತಾನೂ ಅಗಲವಾಗಿ, ಹದಿನೈದು ದಿನಗಳ ನಂತರ ಎಂಟಾಣೆಯಷ್ಟು ದೊಡ್ಡದಾಗಿ ಕಾಣುತ್ತದೆ. ಕಚ್ಚಿದ ಹುಳು ಅಷ್ಟರಲ್ಲಿ ಪತಂಗವಾಗಿ ಹಾರಿಹೋಗಿರಬಹುದು, ಇಲ್ಲವೇ ಯಾವುದೋ ಟುವ್ವಿ ಹಕ್ಕಿಯ ಹೊಟ್ಟೆ ಸೇರಿರಬಹುದು. ಇಂದಿನ ಸುದ್ದಿ ಬೇಕಿದ್ದರೆ ಹುಳುವಿನ ಹಿಕ್ಕೆಯನ್ನು ನೋಡಬೇಕು. ತಿಂದವನು ಯಾರು, ಎಷ್ಟು ದೊಡ್ಡವನು, ಈಗಲೂ ಗಿಡದಲ್ಲಿ ಇದ್ದಾನೆಯೇ ಎನ್ನುವುದೆಲ್ಲ ಅದರಲ್ಲಿದೆ. ರೇಷ್ಮೆ ಸಾಕಿದ ಮನೆಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಟ್ಟೆಯಲ್ಲಿ ಬಿದ್ದ ಹಿಕ್ಕೆಯ ಗಾತ್ರ ನೋಡಿಯೇ ಹುಳು ಎಷ್ಟನೆಯ ಜ್ವರಕ್ಕೆ, ಅಂದರೆ ಪೊರೆ ಕಳಚುವ ಹಂತಕ್ಕೆ, ಬಂದಿದೆ ಎಂದು ಅಂದಾಜು ಮಾಡುವವರು ಅವರಲ್ಲಿದ್ದಾರೆ.

ಎಲೆಕೋಸು, ಹೂಕೋಸು, ನವಿಲುಕೋಸು, ಬ್ರೊಕೋಲಿ, ಮೂಲಂಗಿ, ಸಾಸಿವೆ ಎಲ್ಲವೂ ಒಂದೇ ಕುಟುಂಬದವು. ಸಾಸಿವೆ ಅರೆಯುವಾಗ ಮೂಗಿಗೆ ಅಡರುವ ಘಾಟಿನ ಮೂಲವಸ್ತು ಈ ಎಲ್ಲ ಗಿಡಗಳ ಎಲೆಯಲ್ಲೂ ಇದೆ. ತನ್ನನ್ನು ತಿನ್ನಬರುವ ಹೆಚ್ಚಿನ ಕೀಟಗಳನ್ನು ದೂರವಿಡಲು ಗಿಡ ಮಾಡಿಕೊಂಡ ಏರ್ಪಾಡು ಅದು. ಆದರೆ ಕೆಲವೇ ಕೆಲವು ಕೀಟಗಳು ಆ ಘಾಟಿನ ಜಾಡು ಹಿಡಿದೇ ಗಿಡವನ್ನು ಹುಡುಕಿಕೊಂಡು ಬರುತ್ತವೆ. ಮೂರನೆಯ ಮಹಡಿಯ ತಾರಸಿಯಲ್ಲಿ ನಾಲ್ಕೇ ಕುಂಡ ಇಟ್ಟರೂ ಅವು ಬರುತ್ತವೆ. ಬೆಂಗಳೂರು, ಕೋಲಾರ, ಮೈಸೂರಿನ ಹವೆಯಲ್ಲಿ ವರ್ಷವಿಡೀ ಕೋಸು ಬೆಳೆಯಬಹುದಾದ್ದರಿಂದ ಅವುಗಳಿಗೆ ಬಿಡುವೂ ಇಲ್ಲ. ಈ ಕೈಪಿಡಿ ಈ ಸೀಮೆಯ ಹಿತ್ತಿಲು, ತಾರಸಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಮೊದಲು ಒಂದು ರಾತ್ರಿಯ ಪರೀಕ್ಷೆ

ಸಂಜೆ ಗಿಡವನ್ನು ನೀರಿನಿಂದ ಚೆನ್ನಾಗಿ ತೊಳೆಯಿರಿ. ಎಲೆಯ ಕಂಕುಳಲ್ಲಿ, ಸುಳಿಯಲ್ಲಿ, ಬುಡದ ಮಣ್ಣಿನ ಮೇಲೆ ಇರುವ ಹಳೆಯ ಹಿಕ್ಕೆಯೆಲ್ಲ ಹೋಗಬೇಕು. ನೀರಾರಿದ ಮೇಲೆ ಬುಡದ ಸುತ್ತ ಹಳೆಯ ದಿನಪತ್ರಿಕೆ ಹಾಸಿ, ನಾಲ್ಕು ಮೂಲೆಗೂ ಕಲ್ಲಿಡಿ. ಬೆಳಿಗ್ಗೆ ಬಿಸಿಲೇರುವ ಮೊದಲು ಆ ಕಾಗದವನ್ನೂ ಎಲೆಗಳ ಬುಡವನ್ನೂ ನೋಡಿ. ನಿಮ್ಮ ಅಡುಗೆಮನೆಯ ಡಬ್ಬಿಗಳೇ ಇಲ್ಲಿ ಅಳತೆಗೋಲು.

ಚಿರೋಟಿ ರವೆಯಷ್ಟು ಸಣ್ಣ ಹಸಿರು ಕಾಳು ಇದ್ದರೆ ವಜ್ರಬೆನ್ನಿನ ಪತಂಗದ ಹುಳು. ಸಾಸಿವೆಯಿಂದ ಮೆಣಸಿನ ಕಾಳಿನವರೆಗಿನ ದಪ್ಪ ಉಂಡೆಗಳಿದ್ದರೆ ಎಲೆ ತಿನ್ನುವ ದೊಡ್ಡ ಹುಳು. ಹಿಕ್ಕೆ ಸುಳಿಯಲ್ಲೇ ಎಳೆಗಳ ಜೊತೆ ಸಿಕ್ಕಿಕೊಂಡಿದ್ದರೆ ಸುಳಿ ಕೊರೆಯುವ ಹುಳು. ಹಿಕ್ಕೆಯೇ ಇಲ್ಲದೆ, ಒಣಗಿದ ಲೋಳೆಯ ಗೆರೆ ಬೆಳ್ಳಗೆ ಹೊಳೆಯುತ್ತಿದ್ದರೆ ಬಸವನಹುಳು. ಹಿಕ್ಕೆಯೂ ಇಲ್ಲ, ಲೋಳೆಯೂ ಇಲ್ಲ, ಎಲೆ ಮಾತ್ರ ಹರಿದಿದೆ ಎಂದಾದರೆ ಹಕ್ಕಿ, ಅಳಿಲು, ಮಿಡತೆ, ಹೆಗ್ಗಣಗಳನ್ನು ಶಂಕಿಸಿ. ಕಾಗದ ಶುಭ್ರವಾಗಿದ್ದು ಹೊಸ ತೂತೂ ಬಿದ್ದಿಲ್ಲವಾದರೆ ಆ ಗಿಡಕ್ಕೆ ಏನೂ ಮಾಡಬೇಡಿ. ಹಳೆಯ ತೂತಿನ ಅಂಚು ಒಣಗಿ ಬಿಳಿಚಿಕೊಂಡಿರುತ್ತದೆ. ಹೊಸ ಕಡಿತದ ಅಂಚು ಹಸಿಹಸಿಯಾಗಿರುತ್ತದೆ. ಈ ವ್ಯತ್ಯಾಸವನ್ನು ಒಮ್ಮೆ ಕಣ್ಣಿಗೆ ಅಭ್ಯಾಸ ಮಾಡಿಸಿಕೊಂಡರೆ ಅರ್ಧದಷ್ಟು ಸಿಂಪಡಣೆ ತಾನಾಗಿ ತಪ್ಪುತ್ತದೆ.

ರವೆಯಂಥ ಹಿಕ್ಕೆ, ಎಲೆಯಲ್ಲಿ ಗಾಜಿನಂಥ ಕಿಟಕಿ

ಹತ್ತರಲ್ಲಿ ಏಳೆಂಟು ಬಾರಿ ನನ್ನ ತಾರಸಿಯಲ್ಲಿ ಸಿಕ್ಕಿಬಿದ್ದದ್ದು ಇದೇ, ವಜ್ರಬೆನ್ನಿನ ಪತಂಗದ ಹುಳು. ಎಲೆಯ ಕೆಳಗಿನಿಂದ ಮೇಯುತ್ತಾ ಬಂದು ಮೇಲಿನ ಪೊರೆಯೊಂದನ್ನು ಮಾತ್ರ ಬಿಡುತ್ತದೆ. ಬೆಳಕಿಗೆ ಹಿಡಿದರೆ ಎಲೆಯಲ್ಲಿ ಪುಟ್ಟ ಪುಟ್ಟ ಬಿಳಿ ಕಿಟಕಿಗಳು. ಆ ಪೊರೆ ಒಣಗಿ ಉದುರಿದ ಮೇಲೆ ಅವೇ ತೂತುಗಳಾಗುತ್ತವೆ.

ಖಚಿತಪಡಿಸಿಕೊಳ್ಳಲು ಎಲೆಯನ್ನು ಮಗುಚಿ ಪೊರಕೆ ಕಡ್ಡಿಯ ತುದಿಯಿಂದ ಹುಳುವನ್ನು ಮೆಲ್ಲಗೆ ಮುಟ್ಟಿ. ಎರಡೂ ತುದಿಗಳಲ್ಲಿ ಚೂಪಾದ, ಒಂದು ಸೆಂಟಿಮೀಟರ್ ಆಸುಪಾಸಿನ ತಿಳಿಹಸಿರು ಹುಳು ಅದು. ಮುಟ್ಟಿದ ಕ್ಷಣ ಮೈಯನ್ನು ಬಾಣಲೆಯಲ್ಲಿ ಸಿಡಿಯುವ ಕಾಳಿನಂತೆ ಒದರುತ್ತಾ ಹಿಂದಕ್ಕೆ ಸರಿಯುತ್ತದೆ. ಇನ್ನೊಮ್ಮೆ ಮುಟ್ಟಿದರೆ ಎಲೆಯಿಂದ ಜಿಗಿದು ಕಾಣದಷ್ಟು ತೆಳುವಾದ ಎಳೆಯಲ್ಲಿ ಗಾಳಿಯಲ್ಲಿ ತೂಗಾಡುತ್ತದೆ. ಸ್ವಲ್ಪ ಹೊತ್ತು ಸುಮ್ಮನೆ ನಿಂತು ನೋಡಿ, ಅದೇ ಎಳೆಯನ್ನು ಹಿಡಿದು ಮೇಲಕ್ಕೆ ಹತ್ತಿ ಬರುತ್ತದೆ. ಕೋಸಿನ ಮೇಲೆ ಹೀಗೆ ಹಿಮ್ಮುಖವಾಗಿ ಒದರಾಡುವ ಪುಟ್ಟ ಹಸಿರು ಹುಳು ಕಂಡರೆ ಇದೇ ಎಂದು ತಿಳಿಯಬಹುದು. ದೊಡ್ಡದಾದ ಮೇಲೆ ಬೂದುಕಂದು ಬಣ್ಣದ ಚಿಕ್ಕ ಪತಂಗವಾಗುತ್ತದೆ. ರೆಕ್ಕೆ ಮಡಚಿ ಕುಳಿತಾಗ ಬೆನ್ನ ಮೇಲೆ ಸಾಲಾಗಿ ಮೂರು ವಜ್ರದಾಕಾರದ ಮಚ್ಚೆ ಮೂಡುವುದರಿಂದ ಆ ಹೆಸರು. ಬೆಚ್ಚನೆಯ ಹವೆಯಲ್ಲಿ ಮೊಟ್ಟೆಯಿಂದ ಪತಂಗದವರೆಗೆ ಎರಡರಿಂದ ಮೂರು ವಾರ ಸಾಕು. ಒಂದು ಎಲೆಕೋಸು ನೆಟ್ಟು ಕೊಯ್ಯುವ ಎಪ್ಪತ್ತು ತೊಂಬತ್ತು ದಿನಗಳಲ್ಲಿ ನಾಲ್ಕು ತಲೆಮಾರು ಮುಗಿದುಹೋಗುತ್ತದೆ.

ಈ ಹುಳು ಹೆಚ್ಚಾಗಿ ಬರುವುದು ಆಕಾಶದಿಂದಲ್ಲ, ನಾವೇ ತಂದ ಸಸಿಯಲ್ಲಿ. ಇದನ್ನು ನಾನು ಕಲಿತದ್ದು ಒಂದು ಇಡೀ ಬೆಳೆ ಕಳೆದುಕೊಂಡ ಮೇಲೆ. ಒಂದು ಅಕ್ಟೋಬರಿನಲ್ಲಿ ನರ್ಸರಿಯಿಂದ ಹನ್ನೆರಡು ಸಸಿ ತಂದು ನೆಟ್ಟು, ಅಂದೇ ಸುತ್ತಲೂ ಕೀಟ ತಡೆಯುವ ಪರದೆ ಬಿಗಿದೆ. ಒಂದು ಇರುವೆಗೂ ಜಾಗ ಬಿಡದಂತೆ ಅಂಚನ್ನು ಮಣ್ಣಿನಲ್ಲಿ ಹೂತೆ. ಮೂರನೆಯ ವಾರದಲ್ಲಿ ನೋಡಿದರೆ ಎಲೆಗಳೆಲ್ಲ ಜರಡಿ. ಪರದೆಯ ಹೊರಗೆ ಬೇಲಿಯ ಬದಿಯಲ್ಲಿ ಉಳಿದಿದ್ದ ಎರಡು ಹೆಚ್ಚುವರಿ ಸಸಿಗಳು ಮಾತ್ರ ಇವಕ್ಕಿಂತ ಚೆನ್ನಾಗಿದ್ದವು. ಮಾಲೂರಿನ ಕಡೆ ಕೋಸು ಬೆಳೆಯುವ ನಮ್ಮ ಸೋದರಮಾವ ಹಬ್ಬಕ್ಕೆ ಬಂದವರು ಪರದೆ ಎತ್ತಿ, ಎರಡು ಎಲೆ ಮಗುಚಿ ನೋಡಿ ಹೇಳಿದರು: "ಹುಳುವನ್ನು ಒಳಗಿಟ್ಟು ಬಾಗಿಲು ಹಾಕಿದ್ದೀಯಪ್ಪ. ಇನ್ನು ಹಕ್ಕಿಗೂ ದಾರಿಯಿಲ್ಲ, ಕಣಜಕ್ಕೂ ದಾರಿಯಿಲ್ಲ." ಸಸಿಯ ಎಲೆನರದ ಪಕ್ಕದಲ್ಲಿ ಅಂಟಿದ್ದ, ಅರ್ಧ ಮಿಲಿಮೀಟರಿನ ಹಳದಿ ಮೊಟ್ಟೆಗಳನ್ನು ನಾನು ನೋಡಿರಲಿಲ್ಲ.

ಆದ್ದರಿಂದ ಸಸಿ ಕೊಂಡಾಗ ಪ್ರತಿ ಎಲೆಯನ್ನೂ ಎರಡೂ ಬದಿ ನೋಡಿ, ಬೆರಳಿನಿಂದ ಸವರಿ. ಆಮೇಲೆ ಹತ್ತು ದಿನ ಬೇರೆ ಮೂಲೆಯಲ್ಲಿ ಇಟ್ಟು ಗಮನಿಸಿ. ಮೊಟ್ಟೆಯಿದ್ದರೆ ಮೂರು ನಾಲ್ಕು ದಿನಕ್ಕೆ ಒಡೆದು, ವಾರದೊಳಗೆ ಕಿಟಕಿಗಳು ಕಾಣಿಸಿಕೊಳ್ಳುತ್ತವೆ. ಶುಭ್ರವೆಂದು ಖಚಿತವಾದ ಮೇಲೆಯೇ ಪರದೆಯೊಳಗೆ ನೆಡಿ. ಪರದೆ ಕೊಳ್ಳುವಾಗ 40 ಮೆಶ್ ಕೇಳಿ, ಅಂದರೆ ಇಂಚಿಗೆ 40 ಎಳೆಯದು. ನೆರಳಿಗೆ ಕಟ್ಟುವ ಹಸಿರು ಪರದೆಯಿಂದ ಪತಂಗ ನಿಲ್ಲುವುದಿಲ್ಲ. ಹಳೆಯ ಸೊಳ್ಳೆಪರದೆ ತಕ್ಕಮಟ್ಟಿಗೆ ಆಗುತ್ತದೆ. ಪರದೆ ಎಲೆಗೆ ತಾಗದಂತೆ ಬಿದಿರು ಅಥವಾ ಪಿವಿಸಿ ಕೊಳವೆಯ ಕಮಾನು ಕೊಡಿ. ತಾಗಿದ ಕಡೆ ಪತಂಗ ಹೊರಗೆ ಕುಳಿತೇ ಮೊಟ್ಟೆಯಿಡುತ್ತದೆ.

ಹುಳು ಈಗಾಗಲೇ ಇದ್ದರೆ? ಹತ್ತಿಪ್ಪತ್ತು ಗಿಡಗಳಿಗೆ ಕೈಯೇ ಸಾಕು. ಎರಡು ದಿನಕ್ಕೊಮ್ಮೆ ಎಲೆ ಮಗುಚಿ ಹುಳುವನ್ನೂ ಗೂಡನ್ನೂ ತೆಗೆಯಿರಿ. ಆದರೆ ಗೂಡು ತೆಗೆಯುವಾಗ ಒಂದು ಕ್ಷಣ ನಿಲ್ಲಿ. ಜಾಲರಿಯಂತೆ ಪಾರದರ್ಶಕವಾಗಿದ್ದು ಒಳಗಿನ ಹಸಿರು ಕೋಶ ಕಾಣುತ್ತಿದ್ದರೆ ಅದು ಪತಂಗದ್ದು, ಹಿಸುಕಿ. ಅಕ್ಕಿ ನುಚ್ಚಿನಷ್ಟಿದ್ದು, ಒಳಗೇನೂ ಕಾಣದ ಹಾಗೆ ಅಚ್ಚಬಿಳಿಯಾಗಿದ್ದರೆ ಅದು ಕೊಟೇಸಿಯಾ ಎಂಬ ಪುಟ್ಟ ಕಣಜದ್ದು. ಆ ಕಣಜ ಹುಳುವಿನ ಮೈಯೊಳಗೆ ಮೊಟ್ಟೆಯಿಟ್ಟು, ಅದರ ಮರಿ ಹುಳುವನ್ನು ಒಳಗಿಂದಲೇ ತಿಂದು ಮುಗಿಸಿ ಹೊರಬಂದು ಕಟ್ಟಿದ ಗೂಡದು. ಪಕ್ಕದಲ್ಲಿ ಸುಕ್ಕುಗಟ್ಟಿದ ಹುಳುವಿನ ಚರ್ಮವೂ ಇರಬಹುದು. ಆ ಎಲೆಯನ್ನು ಮುಟ್ಟಬೇಡಿ. ಅಂಥ ಬಿಳಿ ಗೂಡು ನಾಲ್ಕಾರು ಕಂಡ ತೋಟದಲ್ಲಿ ನಾನು ಏನನ್ನೂ ಸಿಂಪಡಿಸುವುದಿಲ್ಲ.

ಸಾಸಿವೆಯ ಉಪಾಯವೂ ಇದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ರೈತರಿಗಾಗಿ ರೂಪಿಸಿದ ಪದ್ಧತಿ ಇದು. 25 ಸಾಲು ಎಲೆಕೋಸಿನ ಎರಡೂ ಪಕ್ಕದಲ್ಲಿ ಸಾಸಿವೆ. ಒಮ್ಮೆ ಕೋಸು ನೆಡುವ 15 ದಿನ ಮೊದಲು, ಇನ್ನೊಮ್ಮೆ ನೆಟ್ಟ 25 ದಿನಕ್ಕೆ ಬಿತ್ತಬೇಕು. ಪತಂಗ ಕೋಸಿಗಿಂತ ಸಾಸಿವೆಯನ್ನು ಹೆಚ್ಚು ಮೆಚ್ಚಿ ಅಲ್ಲೇ ಮೊಟ್ಟೆಯಿಡುತ್ತದೆ. ತಾರಸಿಯಲ್ಲಾದರೆ ಒಗ್ಗರಣೆ ಡಬ್ಬಿಯ ಸಾಸಿವೆಯನ್ನೇ ಎರಡು ಅಗಲ ಕುಂಡಗಳಲ್ಲಿ ಚೆಲ್ಲಿ, ಕೋಸಿನ ಆಚೀಚೆ ಇಡಿ. ಎರಡನೆಯ ಬಿತ್ತನೆ ತಪ್ಪಿಸಬೇಡಿ, ಏಕೆಂದರೆ ಮೊದಲಿನದು ಹೂವಿಗೆ ಬಂದು ಬಲಿತ ಮೇಲೆ ಪತಂಗ ಅದನ್ನು ಬಿಟ್ಟು ಕೋಸಿನ ಕಡೆ ತಿರುಗುತ್ತದೆ. ಸಾಸಿವೆಯ ಮೇಲೆ ಕೂತ ಹುಳುಗಳನ್ನು ವಾರಕ್ಕೊಮ್ಮೆಯಾದರೂ ಕೊಲ್ಲಲೇಬೇಕು. ಬಿಟ್ಟರೆ ಆ ಕುಂಡವೇ ಹುಳುವಿನ ತವರುಮನೆ.

ಮೆಣಸಿನ ಕಾಳಿನಂಥ ಹಿಕ್ಕೆ, ಹಗಲಲ್ಲಿ ಹುಳುವಿಲ್ಲ

ಇದು ತಂಬಾಕಿನ ಎಲೆ ತಿನ್ನುವ ಹುಳು, ಸ್ಪೊಡಾಪ್ಟೆರಾ. ತಂಬಾಕು, ಹರಳು, ನೆಲಗಡಲೆ, ಕೋಸು ಯಾವುದನ್ನೂ ಬಿಡುವುದಿಲ್ಲ. ಹಗಲು ಬುಡದ ಮಣ್ಣಿನಲ್ಲೋ ಕುಂಡದ ಅಡಿಯಲ್ಲೋ ಮಲಗಿದ್ದು ಕತ್ತಲಾದ ಮೇಲೆ ಮೇಯಲು ಏರುತ್ತದೆ. ಹೀಗಾಗಿ ಬೆಳಿಗ್ಗೆ ಎಷ್ಟು ಹುಡುಕಿದರೂ ಸಿಗದು. ರಾತ್ರಿ ಎಂಟೂವರೆಗೆ ಟಾರ್ಚ್ ಹಿಡಿದು ಹೋಗಿ. ಕಿರುಬೆರಳಿನಷ್ಟು ದಪ್ಪದ, ಬೂದುಹಸಿರು ಮೈಯ, ಪಕ್ಕದಲ್ಲಿ ಕಪ್ಪು ಮಚ್ಚೆಗಳಿರುವ ಹುಳು ಎಲೆಯಂಚಿನಲ್ಲಿ ಕೂತು ಮೇಯುತ್ತಿರುತ್ತದೆ. ಮೂರು ರಾತ್ರಿ ಸತತವಾಗಿ ಆಯ್ದು ಸೋಪಿನ ನೀರಿಗೆ ಹಾಕಿದರೆ ಮನೆತೋಟದ ಮಟ್ಟಿಗೆ ಕೆಲಸ ಮುಗಿಯುತ್ತದೆ.

ಇದಕ್ಕಿಂತ ಸುಲಭವಾದದ್ದು ಮೊಟ್ಟೆಯಲ್ಲೇ ಹಿಡಿಯುವುದು. ವಜ್ರಬೆನ್ನಿನ ಪತಂಗ ಬಿಡಿಬಿಡಿಯಾಗಿ ಮೊಟ್ಟೆಯಿಟ್ಟರೆ ಇದು ನೂರಾರು ಮೊಟ್ಟೆಗಳನ್ನು ಒಂದೇ ಗುಂಪಾಗಿ ಇಟ್ಟು, ತನ್ನ ಮೈಯ ಕಂದು ರೋಮದಿಂದ ಹೊದಿಸುತ್ತದೆ. ಎಲೆಯ ಅಡಿಯಲ್ಲಿ ಕಂಬಳಿಯ ತುಣುಕು ಅಂಟಿದಂತೆ ಕಾಣುತ್ತದೆ. ಒಡೆದ ಮೊದಲ ಕೆಲವು ದಿನ ಮರಿಗಳೆಲ್ಲ ಒಂದೇ ಎಲೆಯಲ್ಲಿ ಗುಂಪಾಗಿದ್ದು ಅದನ್ನು ಬಲೆಯಂತೆ ಮಾಡುತ್ತವೆ. ಇಡೀ ಗಿಡದಲ್ಲಿ ಒಂದೇ ಎಲೆ ಬಿಳಿಚಿ ಜಾಲರಿಯಾಗಿದ್ದರೆ ಆ ಎಲೆಯನ್ನು ತೊಟ್ಟಿನ ಸಮೇತ ಕಿತ್ತು ಚೀಲದಲ್ಲಿ ಕಟ್ಟಿ. ನೂರಾರು ಹುಳುಗಳ ಲೆಕ್ಕ ಅಲ್ಲಿಗೇ ತೀರಿತು. ಎರಡು ದಿನ ತಡ ಮಾಡಿದರೆ ಅವು ತೋಟವೆಲ್ಲ ಚದುರುತ್ತವೆ.

ಸುಳಿ ಸತ್ತಿದೆ, ಗಡ್ಡೆ ಕಟ್ಟುತ್ತಿಲ್ಲ

ಹೊರಗಿನ ಎಲೆಗಳೆಲ್ಲ ಹಸಿರಾಗಿದ್ದು ನಡುವೆ ಮಾತ್ರ ಜೇಡರಬಲೆಯಂಥ ಎಳೆ, ಅದರಲ್ಲಿ ಸಿಕ್ಕಿಕೊಂಡ ಹಿಕ್ಕೆ ಕಂಡರೆ ಅದು ಸುಳಿ ಕೊರೆಯುವ ಹುಳುವಿನ ಕೆಲಸ. ಬೆಳ್ಳಗಿನ ಮೈಯಲ್ಲಿ ಉದ್ದಕ್ಕೆ ನಸುಗೆಂಪು ಕಂದು ಗೀರುಗಳಿರುವ, ಕಪ್ಪು ತಲೆಯ ಚಿಕ್ಕ ಹುಳು. ಇದು ತಿನ್ನುವುದು ಕಡಿಮೆ, ಹಾಳು ಮಾಡುವುದು ಹೆಚ್ಚು. ಸುಳಿಯ ಮೊಗ್ಗು ಹೋದ ಎಲೆಕೋಸು ಪಕ್ಕದಿಂದ ಮೂರು ನಾಲ್ಕು ಮರಿಗಡ್ಡೆ ಬಿಡುತ್ತದೆ, ಯಾವುದೂ ಬಲಿಯುವುದಿಲ್ಲ. ಹೂಕೋಸಿನಲ್ಲಿ ಹೂವೇ ಬಾರದು. ನೆಟ್ಟ ಮೊದಲ ತಿಂಗಳು ವಾರಕ್ಕೆರಡು ಬಾರಿ ಸುಳಿ ಬಿಡಿಸಿ ನೋಡುವುದೊಂದೇ ದಾರಿ. ಎಳೆ ಕಂಡ ದಿನವೇ ಚಿಮುಟದಿಂದ ಹುಳು ತೆಗೆದರೆ ಗಿಡ ಉಳಿಯಬಹುದು. ಮೊಗ್ಗು ಹೋದ ಗಿಡವನ್ನು ಕನಿಕರದಿಂದ ಇಟ್ಟುಕೊಳ್ಳಬೇಡಿ, ಕಿತ್ತು ಹೊಸ ಸಸಿ ನೆಡಿ.

ಎಲೆಗಳನ್ನು ಒಟ್ಟಿಗೆ ಹೆಣೆದು ಒಳಗೆ ಗುಂಪಾಗಿ ತಿನ್ನುವ, ಮೈಮೇಲೆ ಬಿಳಿ ಪಟ್ಟೆಗಳ ಹಸಿರು ಹುಳು ಇನ್ನೊಂದಿದೆ. ಮೀನಿನ ಹುರುಪೆಯಂತೆ ಒಂದರ ಮೇಲೊಂದು ಹೊಂದಿಸಿಟ್ಟ ಮೊಟ್ಟೆಗಳು ಅದರ ಗುರುತು. ಗುಂಪನ್ನು ಎಲೆ ಸಮೇತ ತೆಗೆಯುವುದೇ ಪರಿಹಾರ.

ಮೂಲಂಗಿ, ಸಾಸಿವೆ ಮೇಲೆ ಕಪ್ಪು ಹುಳು

ಮುಟ್ಟಿದರೆ ಸುರುಟಿಕೊಂಡು ಸತ್ತಂತೆ ಕೆಳಗೆ ಬೀಳುವ, ಸುಕ್ಕು ಮೈಯ ಹಸಿರುಗಪ್ಪು ಹುಳು ಕಂಡರೆ ಭೂತಗನ್ನಡಿ ಹಿಡಿದು ಕಾಲು ಎಣಿಸಿ. ಪತಂಗದ ಹುಳುಗಳಿಗೆ ಎದೆಯ ಮೂರು ಜೊತೆ ಬಿಟ್ಟು, ಹೊಟ್ಟೆಯಡಿ ಹೆಚ್ಚೆಂದರೆ ಐದು ಜೊತೆ ಮೆತ್ತಗಿನ ಕಾಲು. ಇದಕ್ಕೆ ಎಂಟು ಜೊತೆ. ಇದು ಪತಂಗದ ಮರಿಯೇ ಅಲ್ಲ, ಕಣಜಗಳ ಬಳಗದ ಗರಗಸನೊಣದ್ದು. ಕಾಲು ಎಣಿಸುವ ಈ ಶ್ರಮ ಏಕೆಂದರೆ ಮುಂದೆ ಹೇಳುವ ಬಿ.ಟಿ. ಪುಡಿ ಇದಕ್ಕೆ ನಾಟುವುದಿಲ್ಲ. ಬೆಳಿಗ್ಗೆ, ಸಂಜೆ ಮೇಯುವಾಗ ಗಿಡದ ಕೆಳಗೆ ಬಟ್ಟಲು ಹಿಡಿದು ಎಲೆ ತಟ್ಟಿದರೆ ಸಾಕು, ತಾವಾಗಿಯೇ ಬೀಳುತ್ತವೆ.

ಹಿಕ್ಕೆಯಿಲ್ಲದ ಕಡಿತ

ಬೆಳಿಗ್ಗೆ ಸಸಿ ಬುಡದಲ್ಲೇ ಕತ್ತರಿಸಿ ಅಡ್ಡ ಬಿದ್ದಿದೆಯೇ? ಆ ಬುಡದ ಸುತ್ತ ಒಂದು ಗೇಣಿನೊಳಗೆ, ಎರಡು ಮೂರು ಸೆಂಟಿಮೀಟರ್ ಆಳದವರೆಗೆ ಮಣ್ಣು ಕೆದಕಿ. ಮುಟ್ಟಿದರೆ ಚಕ್ಕುಲಿಯಂತೆ ಸುತ್ತಿಕೊಳ್ಳುವ ಮಣ್ಣು ಬಣ್ಣದ ಹುಳು ಸಿಗುತ್ತದೆ. ಇಂದು ಅದನ್ನು ತೆಗೆಯದಿದ್ದರೆ ನಾಳೆ ಪಕ್ಕದ ಸಸಿ ಬೀಳುತ್ತದೆ. ಕಾಗದದ ಕಾಫಿ ಲೋಟದ ತಳ ಕತ್ತರಿಸಿ, ಸಸಿಯ ಸುತ್ತ ಎರಡು ಬೆರಳು ಆಳಕ್ಕೆ ಒತ್ತಿದರೆ ಉಳಿದವು ಕ್ಷೇಮ.

ಲೋಳೆಯ ಗೆರೆ ಕಂಡರೆ ಬಸವನಹುಳು. ಮಳೆಗಾಲದಲ್ಲಿ ನಮ್ಮ ಊರುಗಳ ಗೋಡೆಗಳ ಮೇಲೆ ಹತ್ತುವ ದೊಡ್ಡ ಚಿಪ್ಪಿನದು ಆಫ್ರಿಕಾ ಮೂಲದ್ದು. 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತೆಗೆ ತಂದು ಬಿಟ್ಟ ಬಸವನಹುಳುಗಳಿಂದ ಈ ದೇಶದಲ್ಲಿ ಅದರ ಸಂತತಿ ಶುರುವಾಯಿತು. ಕೊಡಗಿನ ಕಾಫಿ ತೋಟಗಳವರು ಇದರಿಂದ ಪಟ್ಟ ಪಾಡು ಸಣ್ಣದಲ್ಲ. ಸಂಜೆ ಒದ್ದೆ ಗೋಣಿಚೀಲ ಹಾಸಿ, ಅದರಡಿ ಪರಂಗಿ ಸಿಪ್ಪೆ ಮತ್ತು ಕೋಸಿನ ಹಾಳೆಲೆ ಇಡಿ. ಬೆಳಗಿನ ಹೊತ್ತಿಗೆ ಎಲ್ಲ ಅಲ್ಲಿ ಸೇರಿರುತ್ತವೆ. ಕೈಗವಸು ಹಾಕಿಕೊಂಡೇ ಆರಿಸಿ, ಏಕೆಂದರೆ ಮನುಷ್ಯರ ಮಿದುಳಿಗೆ ತೊಂದರೆ ಕೊಡುವ ಒಂದು ಜಂತುಹುಳು ಅವುಗಳ ಮೈಯಲ್ಲಿರಬಹುದು. ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಉಪ್ಪನ್ನು ಮಣ್ಣಿನ ಮೇಲೆ ಚೆಲ್ಲಬೇಡಿ, ಗಿಡದ ಬೇರು ಸುಡುತ್ತದೆ.

ಮೂಲಂಗಿ ಸಸಿಯ ಎಲೆಯಲ್ಲಿ ಗುಂಡಾದ ಸೂಜಿತೂತುಗಳು ತುಂಬಿದ್ದು, ಹತ್ತಿರ ಹೋದರೆ ಸಣ್ಣ ಕಪ್ಪು ದುಂಬಿಗಳು ಚಿಗಟದಂತೆ ನೆಗೆದರೆ, ಮೊದಲ ಎರಡು ವಾರ ಪರದೆ ಹಾಕಿ. ಇಬ್ಬನಿ ಇರುವಾಗ ತೆಳ್ಳಗೆ ಸೌದೆ ಒಲೆಯ ಬೂದಿ ಎರಚುವುದೂ ಸ್ವಲ್ಪ ತಡೆಯುತ್ತದೆ. ಎಲೆ ನಾಲ್ಕಾರು ಮೂಡಿದ ಮೇಲೆ ಗಿಡ ತಾನೇ ಸುಧಾರಿಸಿಕೊಳ್ಳುತ್ತದೆ.

ತೂತಿಲ್ಲ, ಎಲೆ ಮುದುಡಿ ಹಳದಿಯಾಗುತ್ತಿದೆ

ಮುದುಡಿದ ಎಲೆಯನ್ನು ಬಿಡಿಸಿ. ಬೂದಿ ಸವರಿದಂತೆ ಕಾಣುವ ಸಾವಿರಾರು ಸಸ್ಯಹೇನುಗಳು ಒತ್ತೊತ್ತಾಗಿ ಕೂತಿರುತ್ತವೆ. ಡಿಸೆಂಬರ್, ಜನವರಿಯ ಚಳಿಯಲ್ಲಿ, ಮೋಡ ಕವಿದ ವಾರಗಳಲ್ಲಿ ಇವುಗಳ ಹಾವಳಿ ಹೆಚ್ಚು. ಮೊದಲ ಔಷಧಿ ನೀರು. ಪೈಪಿನ ಬಾಯಿಗೆ ಬೆರಳು ಒತ್ತಿ ಎಲೆಯಡಿಗೆ ರಭಸವಾಗಿ ಹೊಡೆಯಿರಿ. ಉದುರಿದ ಹೇನುಗಳಲ್ಲಿ ಹೆಚ್ಚಿನವು ಮತ್ತೆ ಏರುವುದಿಲ್ಲ. ಮೂರು ದಿನಕ್ಕೊಮ್ಮೆ ಮೂರು ಬಾರಿ ಮಾಡಿ, ಆಮೇಲೆ ಬೇಕಿದ್ದರೆ ಬೇವಿನ ಸೋಪು.

ಹೇನುಗಳ ನಡುವೆ ಒಣಹುಲ್ಲಿನ ಬಣ್ಣಕ್ಕೆ ತಿರುಗಿ ಉಬ್ಬಿದ, ಅಲುಗಾಡದ ಕೆಲವು ಕಂಡರೆ ಅವುಗಳೊಳಗೂ ಕಣಜದ ಮರಿ ಇದೆ. ಗುಲಗಂಜಿ ಹುಳು ಓಡಾಡುತ್ತಿದ್ದರೆ ಅದರ ಮರಿಯನ್ನೂ ಗುರುತಿಸಿಕೊಳ್ಳಿ. ಕಪ್ಪು ಮೈಯಲ್ಲಿ ಕಿತ್ತಳೆ ಮಚ್ಚೆಗಳಿದ್ದು ಪುಟ್ಟ ಮೊಸಳೆಯಂತೆ ಕಾಣುವ ಅದನ್ನು ಕೀಟವೆಂದು ಕೊಲ್ಲುವವರೇ ಹೆಚ್ಚು. ಹೇನು ತಿನ್ನುವುದರಲ್ಲಿ ತಾಯಿಗಿಂತ ಅದೇನೂ ಕಡಿಮೆಯಿಲ್ಲ.

ಹುಳುವಿನದಲ್ಲದ ದೋಷ

ಎಲೆಯಂಚಿನಿಂದ ನಡುನರದ ಕಡೆಗೆ ಮೊನೆ ಮಾಡಿದ ಹಳದಿ ತ್ರಿಕೋನ, ಅದರೊಳಗೆ ಕಪ್ಪಾದ ನರಗಳು ಕಂಡರೆ ಕಪ್ಪು ಕೊಳೆ ರೋಗ. ಬ್ಯಾಕ್ಟೀರಿಯಾದಿಂದ ಬರುತ್ತದೆ, ಬೀಜದಲ್ಲೇ ಇರುತ್ತದೆ, ಎಲೆ ಒದ್ದೆಯಿದ್ದರೆ ಹಬ್ಬುತ್ತದೆ. ಆ ಎಲೆ ತೆಗೆದು, ನೀರನ್ನು ಬುಡಕ್ಕೆ ಮಾತ್ರ ಕೊಡಿ. ಆ ಕುಂಡದಲ್ಲಿ ಮುಂದಿನ ಬಾರಿ ಕೋಸಿನ ಕುಟುಂಬದ ಏನನ್ನೂ ಬೆಳೆಯಬೇಡಿ. ಎಲೆಕೋಸಿನ ಬೀಜವನ್ನು 50 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 25 ನಿಮಿಷ ಇಟ್ಟು ಆರಿಸಿ ಬಿತ್ತುವುದು ಮುನ್ನೆಚ್ಚರಿಕೆ. ಥರ್ಮಾಮೀಟರ್ ಇಲ್ಲದೆ ಅಂದಾಜಿನಲ್ಲಿ ಇದನ್ನು ಮಾಡಬೇಡಿ.

ಹೂಕೋಸಿನ ಎಲೆ ಅಗಲವೇ ಇಲ್ಲದೆ ಬಾರುಕೋಲಿನಂತೆ ಕಿರಿದಾದರೆ ಮಾಲಿಬ್ಡಿನಂ ಕೊರತೆ, ಕಾಂಡ ಸೀಳಿದಾಗ ಪೊಳ್ಳಾಗಿ ಕಂದಾಗಿದ್ದರೆ ಬೋರಾನ್ ಕೊರತೆ. ಮಣ್ಣು ಒದ್ದೆಯಿದ್ದರೂ ಮಧ್ಯಾಹ್ನ ಗಿಡ ಬಾಡುತ್ತಿದ್ದರೆ ಕುಂಡವನ್ನು ಬಗ್ಗಿಸಿ ಮಣ್ಣು ಸುರಿದು ನೋಡಿ. ಸರಿಯಾಗಿ ಕಳಿಯದ ಕೊಟ್ಟಿಗೆ ಗೊಬ್ಬರದ ಜೊತೆ ಬಂದ ಬಿಳಿ ಗೊಣ್ಣೆಹುಳು ಬೇರು ತಿನ್ನುತ್ತಿರುತ್ತದೆ.

ಸಿಂಪಡಿಸಿದರೂ ಹುಳು ಸಾಯುತ್ತಿಲ್ಲ

ಇಲ್ಲಿ ಔಷಧಿಗಿಂತ ನಮ್ಮ ಕ್ರಮದಲ್ಲೇ ಹೆಚ್ಚಾಗಿ ತಪ್ಪಿರುತ್ತದೆ. ಮೊದಲು ಹೀಗೆ ಪರೀಕ್ಷಿಸಿ: ಒಂದು ಎಲೆಯ ಮೇಲೆ ಬರಿಯ ನೀರು ಹಾಕಿ. ಕೆಸುವಿನೆಲೆಯ ಮೇಲಿನಂತೆ ಮುತ್ತಾಗಿ ಉರುಳಿ ಹೋಗುತ್ತದೆ. ಕೋಸಿನ ಎಲೆಯ ಮೇಲೆ ಮೇಣದ ಪೊರೆಯಿದೆ, ನೀವು ಸಿಂಪಡಿಸಿದ ಬೇವಿನ ನೀರೂ ಹಾಗೆಯೇ ಉರುಳಿ ಮಣ್ಣು ಸೇರಿದೆ. ಲೀಟರಿಗೆ ಒಂದು ಗ್ರಾಂನಷ್ಟು ಸಾದಾ ಸೋಪು ಕರಗಿಸಿ ಸೇರಿಸಿದರೆ ದ್ರವ ಎಲೆಗೆ ಹರಡಿಕೊಳ್ಳುತ್ತದೆ. ಬಟ್ಟೆ ಒಗೆಯುವ ಡಿಟರ್ಜೆಂಟ್ ಪುಡಿ ಬೇಡ, ಮೇಣವನ್ನೇ ಕಿತ್ತು ಎಲೆ ಸುಡುತ್ತದೆ. ಎರಡನೆಯದು, ಹುಳುವಿರುವುದು ಎಲೆಯ ಅಡಿಯಲ್ಲಿ, ನಾವು ಹೊಡೆಯುವುದು ಮೇಲೆ. ಸಿಂಪಡಣೆಯ ನಳಿಕೆಯನ್ನು ಕೆಳಗಿನಿಂದ ಮೇಲಕ್ಕೆ ತಿರುಗಿಸಿ ಹಿಡಿಯಿರಿ.

ಬೇವಿನ ಬೀಜದ ಕಷಾಯವನ್ನು ಮನೆಯಲ್ಲೇ ಮಾಡಬಹುದು. ಲೀಟರಿಗೆ 40 ಗ್ರಾಂ ಬೀಜದ ತಿರುಳು ಕುಟ್ಟಿ, ರಾತ್ರಿಯಿಡೀ ನೆನೆಸಿ, ತೆಳು ಬಟ್ಟೆಯಲ್ಲಿ ಸೋಸಿ, ಸೋಪು ಸೇರಿಸಿ ಅಂದೇ ಸಂಜೆ ಬಳಸಿ. ಇಟ್ಟರೆ ಸತ್ವ ಹೋಗುತ್ತದೆ. ಹೆಸರಘಟ್ಟದ ಸಂಸ್ಥೆ ರೂಪಿಸಿದ ಬೇವಿನ ಸೋಪು, ಹೊಂಗೆ ಸೋಪುಗಳೂ ಸಿಗುತ್ತವೆ, ಕಟ್ಟಿನ ಮೇಲಿನ ಪ್ರಮಾಣ ಮೀರಬೇಡಿ. ತಂಬಾಕಿನ ಕಷಾಯವನ್ನು ನಾನು ಯಾರಿಗೂ ಹೇಳುವುದಿಲ್ಲ. ಮನೆಯಲ್ಲಿ ಮಾಡಿದ್ದು ಎಂಬ ಮಾತ್ರಕ್ಕೆ ನಿಕೋಟಿನ್ ವಿಷವಲ್ಲದೆ ಹೋಗುವುದಿಲ್ಲ, ನಾಲ್ಕು ದಿನಕ್ಕೆ ಪಲ್ಯವಾಗುವ ಸೊಪ್ಪಿಗೆ ಅದು ಸಲ್ಲದು.

ಬಿ.ಟಿ. ಎಂದು ಮಾರುವ ಪುಡಿಯಲ್ಲಿರುವುದು ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ. ಬಿ.ಟಿ. ಹತ್ತಿಯ ಹೆಸರು ಬಂದದ್ದೂ ಇದರಿಂದಲೇ, ಆದರೆ ಇಲ್ಲಿ ಗಿಡದ ತಳಿ ಬದಲಾಗುವುದಿಲ್ಲ, ಬ್ಯಾಕ್ಟೀರಿಯಾವನ್ನು ಎಲೆಯ ಮೇಲೆ ಸಿಂಪಡಿಸುತ್ತೇವೆ ಅಷ್ಟೆ. ಹುಳು ಅದನ್ನು ತಿನ್ನಬೇಕು. ತಿಂದ ಕೆಲವೇ ಗಂಟೆಗಳಲ್ಲಿ ಮೇಯುವುದನ್ನು ನಿಲ್ಲಿಸುತ್ತದೆ, ಸಾಯಲು ಎರಡು ಮೂರು ದಿನ ಬೇಕು. ಮರುದಿನ ಹುಳು ಬದುಕಿದೆ ಎಂದು ಗಾಬರಿಯಾಗಿ ಇನ್ನೊಮ್ಮೆ ಹೊಡೆಯುವವರು ಹೊಸ ಹಿಕ್ಕೆ ಬಿದ್ದಿದೆಯೇ ಎಂದು ನೋಡಬೇಕು. ಹಿಕ್ಕೆ ನಿಂತಿದ್ದರೆ ಔಷಧಿ ನಾಟಿದೆ. ಬಿಸಿಲಿಗೆ ಬೇಗ ಹಾಳಾಗುವುದರಿಂದ ಸಂಜೆಯೇ ಸಿಂಪಡಿಸಿ. ಚಿಕ್ಕ ಹುಳುಗಳ ಮೇಲೆ ಚೆನ್ನಾಗಿ ನಡೆಯುತ್ತದೆ, ಬಲಿತ ಸ್ಪೊಡಾಪ್ಟೆರಾ ಮೇಲೆ ಅಷ್ಟಾಗಿ ಇಲ್ಲ, ಹೇನಿನ ಮೇಲೆ ಏನೂ ಇಲ್ಲ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಈ ಬ್ಯಾಕ್ಟೀರಿಯಾ ಮೊದಲು ಪತ್ತೆಯಾದದ್ದೇ 1901ರಲ್ಲಿ ಜಪಾನಿನಲ್ಲಿ, ಸಾಯುತ್ತಿದ್ದ ರೇಷ್ಮೆ ಹುಳುಗಳ ಮೈಯಲ್ಲಿ. ಕೋಲಾರ, ಶಿಡ್ಲಘಟ್ಟ, ರಾಮನಗರ, ಚನ್ನಪಟ್ಟಣದ ಕಡೆ ನಿಮ್ಮ ಹಿತ್ತಿಲಿನ ಪಕ್ಕದಲ್ಲಿ ಹಿಪ್ಪುನೇರಳೆ ಇದ್ದರೆ ಬಿ.ಟಿ. ಬಳಸಲೇಬೇಡಿ. ಗಾಳಿಗೆ ಹಾರಿದ ಹನಿ ನೆರೆಯವರ ಇಡೀ ಬೆಳೆಯನ್ನು ಕೊಲ್ಲಬಹುದು.

ಇನ್ನು ಅಂಗಡಿಯ ಉಗ್ರ ಕೀಟನಾಶಕಗಳು. ವಜ್ರಬೆನ್ನಿನ ಪತಂಗ ಡಿ.ಡಿ.ಟಿ.ಗೆ ಜಗ್ಗದ ವರದಿ ಜಾವಾ ದ್ವೀಪದಿಂದ ಬಂದದ್ದು 1953ರಲ್ಲಿ. ಹೊಲದಲ್ಲಿ ಬಿ.ಟಿ.ಯನ್ನೂ ಅರಗಿಸಿಕೊಂಡ ಮೊದಲ ಕೀಟ ಇದೇ, 1990ರಲ್ಲಿ ಹವಾಯಿಯಿಂದ ಆ ವರದಿ ಬಂತು. ಒಂದೇ ಔಷಧಿಯನ್ನು ವಾರವಾರ ಹೊಡೆದರೆ ಬದುಕಿ ಉಳಿದ ಗಟ್ಟಿ ಹುಳುಗಳ ಸಂತತಿಯಷ್ಟೇ ಬೆಳೆಯುತ್ತದೆ, ಬಿಳಿ ಗೂಡಿನ ಕಣಜಗಳು ಮೊದಲೇ ಸಾಯುತ್ತವೆ. ಬೇವು, ಬಿ.ಟಿ., ಕೈಯಿಂದ ಆಯುವುದು, ಇವನ್ನು ಸರದಿಯಲ್ಲಿ ಮಾಡಿ.

ಕೊಯ್ದ ಮೇಲೆ

ಹೂಕೋಸನ್ನು ಬಿಡಿಸಿ, ಉಪ್ಪು, ಅರಿಶಿನ ಹಾಕಿದ ಉಗುರುಬೆಚ್ಚನೆಯ ನೀರಿನಲ್ಲಿ ಕಾಲು ಗಂಟೆ ಮುಳುಗಿಸಿಡಿ. ಅಡಗಿದ್ದ ಹುಳುಗಳು ಬಿಟ್ಟು ಮೇಲೆ ತೇಲುತ್ತವೆ. ಹೊರಗಿನ ಎಲೆ ತೂತಾಗಿದ್ದ ಎಲೆಕೋಸನ್ನು ಬಿಸಾಡಬೇಡಿ, ಮೂರು ಎಲೆ ಸುಲಿದರೆ ಒಳಗೆಲ್ಲ ಶುಭ್ರವಾಗಿರುತ್ತದೆ.

ಗಡ್ಡೆ ಕತ್ತರಿಸಿದ ಬುಡವನ್ನು ಮಾತ್ರ ಕುಂಡದಲ್ಲಿ ಬಿಡಬೇಡಿ. ಪಕ್ಕದಿಂದ ಚಿಗುರಿ ಅದು ಇನ್ನೆರಡು ತಿಂಗಳು ಹಸಿರಾಗಿರುತ್ತದೆ, ಆ ಚಿಗುರಿನಲ್ಲೇ ಮುಂದಿನ ಬೆಳೆಯ ಹುಳು ಬೆಳೆಯುತ್ತದೆ. ಕೊಯ್ದ ದಿನವೇ ಬೇರು ಸಮೇತ ಕಿತ್ತು, ತುಂಡು ಮಾಡಿ, ಗೊಬ್ಬರದ ಡ್ರಮ್ಮಿನ ತಳಕ್ಕೆ ಹಾಕಿ ಮೇಲೆ ಒಂದು ಗೇಣು ಮಣ್ಣು ಮುಚ್ಚಿ.